ಇಲ್ಲದ ಕೈಯ ನೋವನ್ನು ನಂಬಿದ ವೈದ್ಯ: ಸೈಲಾಸ್ ವಿಯರ್ ಮಿಚೆಲ್

ಹತ್ತನೇ ತರಗತಿಯ ವಿಜ್ಞಾನದಲ್ಲಿ ನಿಯಂತ್ರಣ ಮತ್ತು ಸಹಭಾಗಿತ್ವದ ಘಟಕವನ್ನು ಬೋಧನಾಭ್ಯಾಸಕ್ಕೆ ತೆಗೆದುಕೊಂಡ ಪ್ರಶಿಕ್ಷಣಾರ್ಥಿಗಳಿಗೆಲ್ಲ ಪರಾವರ್ತಿತ ಚಾಪದ ಚಿತ್ರ ಚೆನ್ನಾಗಿ ಪರಿಚಯವಿರುತ್ತದೆ. ಬಿಸಿ ಪಾತ್ರೆಗೆ ಕೈ ತಾಗುತ್ತದೆ. ಚರ್ಮದ ಗ್ರಾಹಕ ಎಚ್ಚರಗೊಳ್ಳುತ್ತದೆ. ಜ್ಞಾನವಾಹಿ ನರ ಸುದ್ದಿಯನ್ನು ಮೆದುಳುಬಳ್ಳಿಗೆ ಒಯ್ಯುತ್ತದೆ. ಅಲ್ಲಿಂದ ಕ್ರಿಯಾವಾಹಿ ನರದ ಮೂಲಕ ಸ್ನಾಯುವಿಗೆ ಆಜ್ಞೆ ಬಂದು ಕೈ ಹಿಂದಕ್ಕೆ ಸರಿಯುತ್ತದೆ. ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಇದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದರೆ ಕೈ ಹಿಂದಕ್ಕೆ ಬಂದ ಮೇಲೂ ಉರಿಯುತ್ತಲೇ ಇರುತ್ತದೆ. ಆ ಉರಿ ಎಲ್ಲಿದೆ, ಬೆರಳಿನಲ್ಲೋ ಮೆದುಳಿನಲ್ಲೋ ಎಂದು ಮಕ್ಕಳು ಕೇಳಿದರೆ ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ.

ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ನಾನು ಒಬ್ಬ ವೈದ್ಯರ ಜೀವನಕಥೆಯನ್ನು ಆರಿಸಿಕೊಂಡೆ. ವಿಜ್ಞಾನದ ಪರಿಕಲ್ಪನೆಯನ್ನು ಅದನ್ನು ಕಂಡವರ ಬದುಕಿನ ಜೊತೆಗೆ ಹೇಳಿದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುತ್ತದೆ ಎಂದು ನಮ್ಮ ಬೋಧನಾ ವಿಧಾನದ ತರಗತಿಗಳಲ್ಲಿ ಕೇಳಿದ್ದೇವೆ. ಸೈಲಾಸ್ ವಿಯರ್ ಮಿಚೆಲ್ ಅವರ ಬದುಕು ನನಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನೋವನ್ನು ಹೇಳಿಕೊಂಡವರ ಮಾತನ್ನು ಇವರಷ್ಟು ಗಮನವಿಟ್ಟು ಕೇಳಿದ ವೈದ್ಯರು ಅವರ ಕಾಲದಲ್ಲಿ ವಿರಳ. ಅದೇ ಮಿಚೆಲ್ ಮುಂದೆ ಬೇರೊಂದು ಗುಂಪಿನ ರೋಗಿಗಳ ಮಾತಿಗೆ ಕಿವಿಗೊಡಲಿಲ್ಲ. ಈ ಎರಡನ್ನೂ ಒಟ್ಟಿಗೆ ಓದುವುದು ಶಿಕ್ಷಕರಾಗಲು ಹೊರಟಿರುವ ನಮಗೆ ಉಪಯುಕ್ತ ಎಂದು ನನ್ನ ಭಾವನೆ.

ಕಲಿಕೆಯ ದಿನಗಳು

ಮಿಚೆಲ್ ಹುಟ್ಟಿದ್ದು 1829ರ ಫೆಬ್ರವರಿ 15ರಂದು, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ. ತಂದೆ ಜಾನ್ ಕರ್ಸ್ಲಿ ಮಿಚೆಲ್ ಹೆಸರಾಂತ ವೈದ್ಯರು. ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಬಿಡುವಿನಲ್ಲಿ ಕವಿತೆಯನ್ನೂ ಬರೆಯುತ್ತಿದ್ದರು. ಮಗ ವೈದ್ಯನಾಗುತ್ತೇನೆಂದಾಗ ಆ ಕಸುಬಿಗೆ ಬೇಕಾದ ಗುಣಗಳು ಇವನಲ್ಲಿಲ್ಲವೆಂದು ಮೊದಲಿಗೆ ತಂದೆಗೆ ಅನಿಸಿತ್ತು. ನಂತರ ಮಗ ಶಸ್ತ್ರಚಿಕಿತ್ಸಕನಾಗಲಿ ಎಂದು ಅವರು ಬಯಸಿದರು. ಆದರೆ ಹುಡುಗ ಶಸ್ತ್ರಚಿಕಿತ್ಸೆ ನೋಡುತ್ತ ನಿಂತಲ್ಲೇ ಮೂರ್ಛೆ ಹೋಗುತ್ತಿದ್ದ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಅರಿವಳಿಕೆಯನ್ನು ಸಾರ್ವಜನಿಕವಾಗಿ ತೋರಿಸಿದ್ದು 1846ರ ಅಕ್ಟೋಬರ್ 16ರಂದು. ಅಂದರೆ ಎಚ್ಚರವಿದ್ದ ರೋಗಿಯ ಮೇಲೆ ಕತ್ತಿ ಆಡಿಸುತ್ತಿದ್ದ ಕಾಲ ಆಗಷ್ಟೇ ಮುಗಿಯುತ್ತಿತ್ತು.

1850ರಲ್ಲಿ ಜೆಫರ್ಸನ್ ಕಾಲೇಜಿನಿಂದ ಪದವಿ ಪಡೆದು ಮಿಚೆಲ್ ಪ್ಯಾರಿಸ್‌ಗೆ ಹೋದರು. ಅಲ್ಲಿ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಅವರ ಪಾಠ ಕೇಳಿದರು. ಊಹೆಯಲ್ಲಿ ಮುಳುಗುವ ಮೊದಲು ಪ್ರಯೋಗ ಮಾಡಿ ನೋಡಬೇಕೆಂಬ ಶಿಸ್ತು ಅವರಿಗೆ ದಕ್ಕಿದ್ದು ಅಲ್ಲಿಯೇ. ಊರಿಗೆ ಮರಳಿದಾಗ ತಂದೆಯ ಆರೋಗ್ಯ ಕೆಟ್ಟಿತ್ತು. ಮನೆಯ ಹೊಣೆ ಹೆಗಲಿಗೆ ಬಿತ್ತು. ಹಗಲು ರೋಗಿಗಳನ್ನು ನೋಡುವುದು, ಉಳಿದ ವೇಳೆಯಲ್ಲಿ ಪ್ರಯೋಗ ಮಾಡುವುದು ಎಂಬ ದಿನಚರಿ ಹೀಗೆ ಆರಂಭವಾಯಿತು. ಅವರ ಮೊದಲ ದೊಡ್ಡ ಸಂಶೋಧನೆ ಗಿಲಕಿ ಹಾವಿನ ವಿಷದ ಬಗ್ಗೆ. 1886ರಲ್ಲಿ ಸಹೋದ್ಯೋಗಿ ರೈಕರ್ಟ್ ಅವರೊಡನೆ ಮಾಡಿದ ಕೆಲಸದಲ್ಲಿ ಹಾವಿನ ವಿಷ ಪ್ರೋಟೀನುಗಳ ಮಿಶ್ರಣವೆಂಬುದನ್ನು ತೋರಿಸಿದರು. ಇಷ್ಟಾದರೂ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕ ಹುದ್ದೆಗೆ ಎರಡು ಬಾರಿ ಪ್ರಯತ್ನಿಸಿ ಎರಡು ಬಾರಿಯೂ ಅದು ಅವರ ಕೈತಪ್ಪಿತು.

1858ರಲ್ಲಿ ಅವರ ಮದುವೆಯಾಯಿತು. ನಾಲ್ಕೇ ವರ್ಷಗಳಲ್ಲಿ, 1862ರಲ್ಲಿ, ಪತ್ನಿ ಗಂಟಲಮಾರಿಯಿಂದ ತೀರಿಕೊಂಡರು. ಇಬ್ಬರು ಪುಟ್ಟ ಗಂಡುಮಕ್ಕಳು ಉಳಿದರು. ಆ ಹೊತ್ತಿಗೆ ಅಮೆರಿಕದ ಅಂತರ್ಯುದ್ಧ ಎರಡನೇ ವರ್ಷಕ್ಕೆ ಕಾಲಿಟ್ಟಿತ್ತು.

ನರಗಾಯಗಳ ಆಸ್ಪತ್ರೆ

ಆ ಯುದ್ಧದಲ್ಲಿ ಬಳಸಿದ ಸೀಸದ ಗುಂಡು ಮೆತ್ತಗಿನದು. ಮೈಗೆ ಹೊಕ್ಕಾಗ ಅಗಲವಾಗಿ ಮೂಳೆಯನ್ನು ಪುಡಿಮಾಡುತ್ತಿತ್ತು, ನರವನ್ನು ಹರಿಯುತ್ತಿತ್ತು. ಕೀವಾಗಿ ಪ್ರಾಣ ಹೋಗದಿರಲೆಂದು ವೈದ್ಯರು ಕೈಕಾಲುಗಳನ್ನು ಕತ್ತರಿಸಿ ತೆಗೆಯುತ್ತಿದ್ದರು. ಹೀಗೆ ಬದುಕುಳಿದವರಲ್ಲಿ ಅನೇಕರ ಗಾಯ ಮಾಯುತ್ತಿತ್ತು, ನೋವು ಮಾತ್ರ ಮಾಯುತ್ತಿರಲಿಲ್ಲ. ಸಾಮಾನ್ಯ ಆಸ್ಪತ್ರೆಗಳಿಗೆ ಇಂಥ ರೋಗಿಗಳೆಂದರೆ ತಲೆನೋವು. ಸೇನೆಯ ವೈದ್ಯಕೀಯ ಮುಖ್ಯಸ್ಥರಾಗಿದ್ದ ವಿಲಿಯಂ ಹ್ಯಾಮಂಡ್ ಮಿಚೆಲ್ ಅವರ ಹಳೆಯ ಸಹ ಸಂಶೋಧಕರು. ನರಗಳ ಗಾಯಕ್ಕೆಂದೇ ಫಿಲಡೆಲ್ಫಿಯಾದಲ್ಲಿ ಅವರು ಒಂದು ಆಸ್ಪತ್ರೆ ಏರ್ಪಡಿಸಿದರು. ಅದು ಬೆಳೆದು ಟರ್ನರ್ಸ್ ಲೇನ್ ಎಂಬಲ್ಲಿ 400 ಹಾಸಿಗೆಗಳ ಆಸ್ಪತ್ರೆಯಾಯಿತು. ಮಿಚೆಲ್ ಜೊತೆ ಜಾರ್ಜ್ ಮೋರ್‌ಹೌಸ್ ಮತ್ತು ಕಿರಿಯ ವೈದ್ಯ ವಿಲಿಯಂ ಕೀನ್ ಕೆಲಸ ಮಾಡಿದರು. 1863ರ ಜುಲೈಯಲ್ಲಿ ಗೆಟಿಸ್‌ಬರ್ಗ್ ಕದನ ಮುಗಿದ ಮೇಲೆ ಗಾಯಾಳುಗಳು ಸಾಲುಸಾಲಾಗಿ ಬಂದರು.

ಈ ಮೂವರು ಮಾಡಿದ ಮುಖ್ಯ ಕೆಲಸ ದಾಖಲೆ. ಪ್ರತಿ ಸೈನಿಕನಿಗೆ ಗುಂಡು ಎಲ್ಲಿ ತಗುಲಿತು, ಆಗ ಏನನ್ನಿಸಿತು, ಈಗ ಯಾವ ಜಾಗ ಜೋಮು ಹಿಡಿದಿದೆ, ಯಾವ ಜಾಗ ಉರಿಯುತ್ತದೆ, ಯಾವಾಗ ಹೆಚ್ಚು, ಯಾವುದರಿಂದ ಕಡಿಮೆ ಎಂದು ಕೇಳಿ ಕೇಳಿ ಬರೆದುಕೊಂಡರು. ನೋವನ್ನು ಅಳೆಯುವ ಉಪಕರಣ ಆಗ ಇರಲಿಲ್ಲ, ಈಗಲೂ ಇಲ್ಲ. ರೋಗಿಯ ಬಾಯಿಮಾತೇ ಸಾಕ್ಷಿ. ಆ ಮಾತನ್ನು ಉಷ್ಣತೆಯ ಅಳತೆಯಷ್ಟೇ ಶ್ರದ್ಧೆಯಿಂದ ಬರೆದಿಟ್ಟದ್ದರಿಂದ 1864ರಲ್ಲಿ ಗುಂಡೇಟು ಮತ್ತು ನರಗಾಯಗಳ ಬಗ್ಗೆ ಅವರ ಪುಸ್ತಕ ಹೊರಬಂತು. ಗಾತ್ರದಲ್ಲಿ ಚಿಕ್ಕದಾದರೂ ನರವಿಜ್ಞಾನದ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ.

ಆ ಪುಸ್ತಕದ ಅತಿ ಮುಖ್ಯ ಭಾಗ ಒಂದು ವಿಚಿತ್ರ ಉರಿಯ ವರ್ಣನೆ. ತೋಳಿನ ಅಥವಾ ತೊಡೆಯ ದೊಡ್ಡ ನರಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಅಂಗೈಯಲ್ಲೋ ಪಾದದಲ್ಲೋ ಬೆಂಕಿ ಇಟ್ಟಂಥ ಉರಿ. ಆ ಜಾಗದ ಚರ್ಮ ಕೆಂಪಾಗಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಒಣ ಬಟ್ಟೆ ಸೋಕಿದರೂ ಜೀವ ಹೋದಂತೆ. ರೋಗಿಗಳು ಒದ್ದೆ ಬಟ್ಟೆ ಸುತ್ತಿಕೊಂಡು, ನೀರಿನ ಬಾಟಲಿ ಹಿಡಿದೇ ಓಡಾಡುತ್ತಿದ್ದರು. ಬೂಟಿನೊಳಗೆ ನೀರು ಸುರಿದುಕೊಂಡು ನಡೆಯುವವರೂ ಇದ್ದರು. ಪಕ್ಕದವರು ಪತ್ರಿಕೆ ಮಗುಚಿದ ಸದ್ದಿಗೆ, ಕೊಠಡಿಯಲ್ಲಿ ಯಾರೋ ನಡೆದ ಹೆಜ್ಜೆಯ ಅದುರಿಗೆ ನೋವು ಏರುತ್ತಿತ್ತು. ಕೆಲ ವರ್ಷಗಳ ನಂತರ ಮಿಚೆಲ್ ಇದಕ್ಕೆ ಕಾಸಾಲ್ಜಿಯಾ ಎಂಬ ಹೆಸರನ್ನು ಬಳಸಿದರು. ಗ್ರೀಕ್ ಭಾಷೆಯಲ್ಲಿ ಉರಿ ಮತ್ತು ನೋವು ಎಂಬ ಎರಡು ಪದ ಸೇರಿ ಆದ ಹೆಸರಿದು. ಇಂದು ವೈದ್ಯರು ಇದನ್ನು ಸಂಕೀರ್ಣ ಪ್ರಾದೇಶಿಕ ನೋವಿನ ಲಕ್ಷಣಕೂಟದ ಒಂದು ಬಗೆಯಾಗಿ ಪರಿಗಣಿಸುತ್ತಾರೆ.

ಪರಿಹಾರವಾಗಿ ಅವರ ಬಳಿ ಇದ್ದದ್ದು ಮಾರ್ಫಿನ್. ಚರ್ಮದಡಿಗೆ ಚುಚ್ಚುವ ಸಿರಿಂಜು ಆಗ ಹೊಸದು. ಒಂದೇ ವರ್ಷದಲ್ಲಿ 40,000ಕ್ಕೂ ಹೆಚ್ಚು ಚುಚ್ಚುಮದ್ದು ಕೊಟ್ಟೆವೆಂದು ಆ ವೈದ್ಯರು ದಾಖಲಿಸಿದ್ದಾರೆ. ನೋವು ತಗ್ಗುತ್ತಿತ್ತು, ಆದರೆ ಚಟವೂ ಅಂಟುತ್ತಿತ್ತು. ಅಫೀಮಿನ ಜಾತಿಯ ಔಷಧಗಳನ್ನು ದೀರ್ಘಕಾಲದ ನೋವಿಗೆ ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಇಂದಿನ ವೈದ್ಯರ ಸಂದಿಗ್ಧ ಅಲ್ಲಿಯೇ ಶುರುವಾಗಿತ್ತು.

ನಂಬಿಕೆ ಮತ್ತು ಪರೀಕ್ಷೆ

ಎಲ್ಲರ ನೋವೂ ನಿಜವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಯುದ್ಧಭೂಮಿಗೆ ಮರಳುವುದನ್ನು ತಪ್ಪಿಸಿಕೊಳ್ಳಲು ಪಾರ್ಶ್ವವಾಯು, ಮೂರ್ಛೆ, ಬೆನ್ನುನೋವು ಎಂದು ನಟಿಸುವವರಿದ್ದರು. 1864ರಲ್ಲೇ ಈ ಮೂವರು ರೋಗದ ನಟನೆಯನ್ನು ಗುರುತಿಸುವ ಬಗ್ಗೆ ಲೇಖನ ಬರೆದರು. ಅನುಮಾನ ಬಂದವರಿಗೆ ಈಥರ್ ಕೊಟ್ಟು, ಮಂಪರಿನಲ್ಲಿ ಆ ಅಂಗ ಅಲುಗುತ್ತದೆಯೇ ಎಂದು ಗಮನಿಸುವುದು ಅವರ ಒಂದು ವಿಧಾನ. ರೋಗಿಯ ಒಪ್ಪಿಗೆಯ ಪ್ರಶ್ನೆ ಇಂದಾದರೆ ಏಳುತ್ತಿತ್ತು, ಆಗ ಏಳಲಿಲ್ಲ.

ಇಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅವರ ಕ್ರಮ. ಕಣ್ಣಿಗೆ ಗಾಯ ಕಾಣದು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸುಳ್ಳುಗಾರ ಎನ್ನಲಿಲ್ಲ. ಪತ್ರಿಕೆಯ ಸದ್ದಿಗೆ ಕೈ ಉರಿಯುತ್ತದೆ ಎಂಬ ಮಾತು ಮೇಲ್ನೋಟಕ್ಕೆ ನಟನೆಯಂತೆ ಕೇಳಿಸುತ್ತದೆ. ಆದರೆ ಪರಸ್ಪರ ಪರಿಚಯವಿಲ್ಲದ, ಬೇರೆ ಬೇರೆ ಕದನಗಳಲ್ಲಿ ಗಾಯಗೊಂಡ ಸೈನಿಕರು ಅದನ್ನೇ ಹೇಳಿದಾಗ ಅದನ್ನು ನರದ ಲಕ್ಷಣವೆಂದು ಬರೆದುಕೊಂಡರು.

ಮಾಯಾ ಅಂಗ

ಕೈ ಕಳೆದುಕೊಂಡವರು ಹೇಳುತ್ತಿದ್ದ ಮಾತು ಇನ್ನೂ ನಂಬಲಸಾಧ್ಯವಾಗಿತ್ತು. ಇಲ್ಲದ ಕೈ ಇದೆ ಎನಿಸುತ್ತದೆ, ಬೆರಳು ತುರಿಸುತ್ತದೆ, ಮುಷ್ಟಿ ಬಿಗಿದು ಉಗುರು ಅಂಗೈಗೆ ಚುಚ್ಚುತ್ತದೆ, ಬಿಡಿಸಲು ಆಗುವುದಿಲ್ಲ ಎಂಬ ದೂರುಗಳು. ಹದಿನಾರನೇ ಶತಮಾನದ ಫ್ರೆಂಚ್ ಶಸ್ತ್ರಚಿಕಿತ್ಸಕ ಆಂಬ್ರೋಯಿಸ್ ಪಾರೆ ಇದನ್ನು ಹಿಂದೆಯೇ ಬರೆದಿದ್ದರು. ಆದರೂ ಹುಚ್ಚನೆಂದು ಕರೆದಾರೆಂಬ ಅಂಜಿಕೆಯಿಂದ ರೋಗಿಗಳು ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮಿಚೆಲ್ ಇದನ್ನು ಮೊದಲು ಜನರ ಮುಂದಿಟ್ಟದ್ದು ಕಥೆಯ ರೂಪದಲ್ಲಿ. 1866ರ ಜುಲೈ ತಿಂಗಳ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಜಾರ್ಜ್ ಡೆಡ್ಲೋ ಎಂಬ ಕಲ್ಪಿತ ಸೇನಾ ವೈದ್ಯನ ಕಥೆ ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು. ಎರಡೂ ಕೈ, ಎರಡೂ ಕಾಲು ಕಳೆದುಕೊಂಡವನು ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಓದಿದ ಅನೇಕರು ಅದನ್ನು ನಿಜವೆಂದೇ ನಂಬಿದರು. 1871ರಲ್ಲಿ ಮಿಚೆಲ್ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನದಲ್ಲಿ ಇದಕ್ಕೆ ಫ್ಯಾಂಟಮ್ ಲಿಂಬ್ ಎಂಬ ಹೆಸರು ಕೊಟ್ಟರು. ತರಗತಿಯಲ್ಲಿ ನಾನು ಇದನ್ನು ಮಾಯಾ ಅಂಗ ಎಂದು ಕರೆದೆ. 1872ರ ನರಗಾಯಗಳ ಕುರಿತ ದೊಡ್ಡ ಗ್ರಂಥದಲ್ಲಿ ಅವರು ಅಂಗಚ್ಛೇದನವಾದ ಸುಮಾರು 90 ಜನರ ವಿವರ ಕೊಟ್ಟಿದ್ದಾರೆ. ಬೆರಳೆಣಿಕೆಯ ಮಂದಿಯನ್ನು ಬಿಟ್ಟರೆ ಎಲ್ಲರಿಗೂ ಮಾಯಾ ಅಂಗದ ಅನುಭವವಿತ್ತು. ಭುಜದ ಬಳಿಯ ನರಕ್ಕೆ ವಿದ್ಯುತ್ ಹಾಯಿಸಿದಾಗ, ಬಹುಕಾಲ ಮರೆತೇಹೋಗಿದ್ದ ಕೈ ಥಟ್ಟನೆ ಮರಳಿ ಬಂದಂತಾಗಿ ರೋಗಿ ಬೆಚ್ಚಿದ ಸಂಗತಿಯೂ ಅಲ್ಲಿದೆ. ಮೋಡ ಕವಿದಾಗ ಮೋಟುಗಾಲು ನೋಯುತ್ತದೆ ಎನ್ನುತ್ತಿದ್ದ ಕ್ಯಾಟ್ಲಿನ್ ಎಂಬ ಸೇನಾಧಿಕಾರಿಯ ಮಾತನ್ನೂ ಅವರು ತಳ್ಳಿಹಾಕಲಿಲ್ಲ. ಆ ಅಧಿಕಾರಿ ವರ್ಷಗಟ್ಟಲೆ ನೋವಿನ ಹೊತ್ತನ್ನೂ ವಾಯುಭಾರವನ್ನೂ ಬರೆದಿಟ್ಟ ಲೆಕ್ಕವನ್ನು ಆಧರಿಸಿ 1877ರಲ್ಲಿ ಲೇಖನ ಪ್ರಕಟಿಸಿದರು.

ಮಿಚೆಲ್ ಕಂಡದ್ದನ್ನು ಇಂದು ಹೇಗೆ ವಿವರಿಸುತ್ತೇವೆ?

ಈ ಭಾಗವನ್ನು ಬೋಧಿಸುವವರ ಅನುಕೂಲಕ್ಕಾಗಿ ಮೂರು ಹಂತಗಳಲ್ಲಿ ಬರೆಯುತ್ತೇನೆ.

ಮೊದಲ ಹಂತ ನರದ್ದು. ಗಾಯ ಮಾಡಬಲ್ಲ ಪ್ರಚೋದನೆಗೆಂದೇ ಪ್ರತ್ಯೇಕ ಗ್ರಾಹಕಗಳಿವೆ ಎಂಬ ಕಲ್ಪನೆಯನ್ನು ಸ್ಪಷ್ಟವಾಗಿ ಕೊಟ್ಟವರು ಬ್ರಿಟನ್ನಿನ ಚಾರ್ಲ್ಸ್ ಶೆರಿಂಗ್ಟನ್, ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಈ ಸುದ್ದಿಯನ್ನು ಎರಡು ಬಗೆಯ ತಂತುಗಳು ಒಯ್ಯುತ್ತವೆ. ತೆಳುವಾದ ಮಯಲಿನ್ ಹೊದಿಕೆಯುಳ್ಳ ಎ-ಡೆಲ್ಟಾ ತಂತು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ, ಹೊದಿಕೆಯಿಲ್ಲದ ಸಿ ತಂತು ಸುಮಾರು 0.5ರಿಂದ 2 ಮೀಟರ್ ವೇಗದಲ್ಲಿ. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ಚುಳ್ಳೆಂದು, ಸ್ವಲ್ಪ ತಡೆದು ಜುಮುಜುಮು ಉರಿ ಬರುವುದು ಇದರಿಂದಲೇ. ಕಾಲ್ಬೆರಳಿನಿಂದ ಮೆದುಳುಬಳ್ಳಿಗೆ ಒಂದು ಮೀಟರ್ ಎಂದು ಹಿಡಿದು ಎರಡೂ ಸುದ್ದಿಗಳು ತಲುಪುವ ಸಮಯವನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ 0.05 ಸೆಕೆಂಡು, 1 ಮೀಟರ್ ವೇಗದಲ್ಲಿ ಇಡೀ ಒಂದು ಸೆಕೆಂಡು. ನರ ಕತ್ತರಿಸಿಹೋದಾಗ ಅದರ ತುದಿ ಮತ್ತೆ ಬೆಳೆಯಲು ಹವಣಿಸಿ ಗಂಟಾಗುತ್ತದೆ. ಆ ಗಂಟು ಯಾವ ಪ್ರಚೋದನೆಯೂ ಇಲ್ಲದೆ ತಾನಾಗಿ ಸಂಕೇತ ಕಳಿಸುತ್ತದೆ. ಮೋಟಿನ ನರತುದಿಗಳ ಕೆರಳಿಕೆಯನ್ನು ಮಿಚೆಲ್ ಕೂಡ ಕಾರಣವಾಗಿ ಹೇಳಿದ್ದರು.

ಎರಡನೇ ಹಂತ ಮೆದುಳುಬಳ್ಳಿಯದ್ದು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ದ್ವಾರ ನಿಯಂತ್ರಣ ಸಿದ್ಧಾಂತವನ್ನು ಮಂಡಿಸಿದರು. ಮೆದುಳುಬಳ್ಳಿಯಲ್ಲಿ ಒಂದು ಬಾಗಿಲಿದೆ ಎಂದುಕೊಳ್ಳೋಣ. ಸ್ಪರ್ಶದ ದಪ್ಪ ತಂತುಗಳು ಚುರುಕಾದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೊಣಕೈ ಬಡಿದಾಗ ನಾವು ಉಜ್ಜಿಕೊಳ್ಳುವುದು ಇದಕ್ಕೇ. ಮೆದುಳಿನಿಂದ ಇಳಿದು ಬರುವ ಸಂಕೇತಗಳೂ ಈ ಬಾಗಿಲನ್ನು ಹಾಕಬಲ್ಲವು, ತೆರೆಯಬಲ್ಲವು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಮೆದುಳೇ ತಯಾರಿಸುವ, ಮಾರ್ಫಿನ್‌ನಂತೆ ಕೆಲಸ ಮಾಡುವ ಎನ್‌ಕೆಫಲಿನ್ ಎಂಬ ವಸ್ತುಗಳನ್ನು ಗುರುತಿಸಿದರು. ಟರ್ನರ್ಸ್ ಲೇನ್‌ನ ಚುಚ್ಚುಮದ್ದು ಏಕೆ ಫಲಿಸುತ್ತಿತ್ತು ಎಂಬುದು ಆಗ ಅರ್ಥವಾಯಿತು. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಇನ್ನೊಂದು ಸಂಗತಿ ತೋರಿಸಿದರು. ನೋವಿನ ಸುದ್ದಿ ಸತತವಾಗಿ ಬಂದರೆ ಮೆದುಳುಬಳ್ಳಿಯ ನರಕೋಶಗಳೇ ಕೆರಳುತ್ತವೆ, ಆಮೇಲೆ ಮೃದು ಸ್ಪರ್ಶವೂ ನೋವಾಗುತ್ತದೆ. ಒಣ ಬಟ್ಟೆ ಸೋಕಿದರೆ ಚೀರುತ್ತಿದ್ದ ಸೈನಿಕನ ಮಾತಿಗೆ ಸುಮಾರು 120 ವರ್ಷಗಳ ನಂತರ ಪ್ರಯೋಗಾಲಯದಿಂದ ಸಾಕ್ಷಿ ದೊರೆಯಿತು.

ಮೂರನೇ ಹಂತ ಮೆದುಳಿನದ್ದು. ಮೆದುಳಿನ ಹೊರಪದರದಲ್ಲಿ ಇಡೀ ಮೈಯ ನಕ್ಷೆಯಿದೆ. ಕೈ ಹೋದರೂ ಕೈಯ ಜಾಗ ಅಲ್ಲಿ ಉಳಿದಿರುತ್ತದೆ. ಆ ನಕ್ಷೆಯಲ್ಲಿ ಕೈಯ ಪಕ್ಕದಲ್ಲೇ ಮುಖವಿದೆ. 1990ರ ದಶಕದಲ್ಲಿ ತಮಿಳು ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು ಕೈ ಕಳೆದುಕೊಂಡ ಕೆಲವರ ಕೆನ್ನೆ ಮುಟ್ಟಿದಾಗ ಮಾಯಾ ಬೆರಳಿನಲ್ಲಿ ಸ್ಪರ್ಶ ಅನುಭವವಾಗುವುದನ್ನು ತೋರಿಸಿದರು. ನೆರೆಯ ಭಾಗ ಖಾಲಿ ಜಾಗವನ್ನು ಆಕ್ರಮಿಸುತ್ತದೆ ಎಂಬುದು ಅವರ ವಿವರಣೆ. ಎಷ್ಟರಮಟ್ಟಿಗೆ ಹೀಗಾಗುತ್ತದೆ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಅವರು ರೂಪಿಸಿದ ಕನ್ನಡಿ ಪೆಟ್ಟಿಗೆ ಬಹಳ ಅಗ್ಗದ ಸಾಧನ. ಉಳಿದ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಕನ್ನಡಿ ಇಟ್ಟು, ಬಿಗಿದ ಮುಷ್ಟಿಯನ್ನು ಬಿಡಿಸುವಂತೆ ಹೇಳಿದಾಗ ಕೆಲವರಿಗೆ ಮಾಯಾ ಮುಷ್ಟಿಯೂ ಬಿಟ್ಟುಕೊಂಡು ನೋವು ತಗ್ಗಿತು. ಮುಂದೆ ಕಾಲು ಕಳೆದುಕೊಂಡ ಅಮೆರಿಕದ ಸೈನಿಕರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗದಲ್ಲೂ ಕನ್ನಡಿ ಚಿಕಿತ್ಸೆಯಿಂದ ಪ್ರಯೋಜನ ಕಂಡಿತು.

ಚಿಕಿತ್ಸೆಯ ದೃಷ್ಟಿಯಿಂದ ಇದರ ಅರ್ಥ ಸರಳ. ದೀರ್ಘಕಾಲದ ನೋವಿಗೆ ಒಂದೇ ಮೂಲವಿರುವುದಿಲ್ಲ, ಒಂದೇ ಮಾತ್ರೆಯಿಂದ ಅದು ಹೋಗುವುದಿಲ್ಲ. ನರಕ್ಕೆ, ಮೆದುಳುಬಳ್ಳಿಗೆ, ಮೆದುಳಿಗೆ ಬೇರೆ ಬೇರೆ ಉಪಾಯ ಬೇಕು. ಅದಕ್ಕಾಗಿಯೇ ಇಂದಿನ ನೋವು ನಿವಾರಣಾ ಕೇಂದ್ರಗಳಲ್ಲಿ ಔಷಧದ ಜೊತೆಗೆ ವ್ಯಾಯಾಮ, ಫಿಸಿಯೋಥೆರಪಿ, ಆಪ್ತಸಮಾಲೋಚನೆಯೂ ಇರುತ್ತವೆ.

ಕಿವಿಗೊಡದ ಕಡೆ

ಯುದ್ಧದ ನಂತರ ಮಿಚೆಲ್ ಅಮೆರಿಕದ ಅತ್ಯಂತ ಪ್ರಸಿದ್ಧ ನರರೋಗ ವೈದ್ಯರಾದರು. ಈಗ ಅವರ ಬಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ನಿಶ್ಶಕ್ತಿ, ತಲೆನೋವು, ಬೆನ್ನುನೋವು, ನಿದ್ರೆಯಿಲ್ಲದಿರುವುದು, ಮನಸ್ಸಿನ ಕುಗ್ಗುವಿಕೆ ಅವರ ದೂರುಗಳು. ಅವರಿಗಾಗಿ ಮಿಚೆಲ್ ವಿಶ್ರಾಂತಿ ಚಿಕಿತ್ಸೆಯನ್ನು ರೂಪಿಸಿ 1877ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಆರರಿಂದ ಎಂಟು ವಾರ ಹಾಸಿಗೆ ಬಿಟ್ಟು ಏಳುವಂತಿಲ್ಲ. ಮನೆಯವರನ್ನು ನೋಡುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ಹಾಲು ಮತ್ತು ಪುಷ್ಟಿಕರ ಆಹಾರ ಯಥೇಚ್ಛ. ಸ್ನಾಯು ಸೊರಗದಿರಲು ಅಂಗಮರ್ದನ, ವಿದ್ಯುತ್ ಪ್ರಚೋದನೆ. ಇದರಿಂದ ಚೇತರಿಸಿಕೊಂಡವರೂ ಇದ್ದರು. ಮಿಚೆಲ್ ಅವರ ಕೀರ್ತಿ ಯುರೋಪಿಗೂ ಹರಡಿತು.

ಇದೇ ಬಗೆಯ ಬಳಲಿಕೆಯ ಗಂಡಸರಿಗೆ ಅವರ ಸಲಹೆ ಬೇರೆ. 1885ರಲ್ಲಿ ಬಳಲಿ ಬಂದ ಯುವಕ ಓವನ್ ವಿಸ್ಟರ್ ಅವರನ್ನು ಪಶ್ಚಿಮದ ಬಯಲುಸೀಮೆಗೆ ಹೋಗಿ ಕುದುರೆ ಸವಾರಿ ಮಾಡಿಕೊಂಡಿರುವಂತೆ ಕಳಿಸಿದರು. ವಿಸ್ಟರ್ ಮುಂದೆ ಆ ಸೀಮೆಯ ಬದುಕನ್ನೇ ಕಾದಂಬರಿಯಾಗಿಸಿ ಹೆಸರು ಮಾಡಿದರು. ಎರಡು ವರ್ಷಗಳ ನಂತರ, 1887ರಲ್ಲಿ, ಹೆರಿಗೆಯ ನಂತರದ ಖಿನ್ನತೆಯಿಂದ ನರಳುತ್ತಿದ್ದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬಂದರು. ತನ್ನ ಕಾಯಿಲೆಯ ವಿವರವನ್ನು ಅವರು ಮೊದಲೇ ಬರೆದು ಕಳಿಸಿದ್ದರು. ಮಿಚೆಲ್ ಅದಕ್ಕೆ ಬೆಲೆ ಕೊಡಲಿಲ್ಲ. ಸುಮಾರು ಒಂದು ತಿಂಗಳ ಚಿಕಿತ್ಸೆಯ ನಂತರ, ಮನೆಗೆಲಸದಲ್ಲೇ ಇರಬೇಕು, ಲೇಖನಿ ಕುಂಚಗಳನ್ನು ಮುಟ್ಟಲೇಬಾರದು ಎಂದು ಹೇಳಿ ಕಳಿಸಿದರು. ಆ ಸಲಹೆಯನ್ನು ಪಾಲಿಸಿದ ತಿಂಗಳುಗಳಲ್ಲಿ ತಾನು ಬುದ್ಧಿಭ್ರಮಣೆಯ ಅಂಚಿಗೆ ಹೋಗಿದ್ದೆನೆಂದು ಗಿಲ್ಮನ್ ನಂತರ ಬರೆದರು. ಸಲಹೆಯನ್ನು ಬದಿಗಿಟ್ಟು ಬರವಣಿಗೆಗೆ ಮರಳಿದ ಮೇಲೆ ಚೇತರಿಸಿಕೊಂಡರು. ಹಳದಿ ಗೋಡೆಕಾಗದ ಎಂಬ ಅರ್ಥದ ಅವರ ಕಥೆ 1892ರಲ್ಲಿ ಪ್ರಕಟವಾಯಿತು. ಅದು ಇಂದಿಗೂ ಓದಿಸಿಕೊಳ್ಳುತ್ತದೆ.

ಶಿಕ್ಷಣ ಕಾಲೇಜಿನವರಾದ ನಮಗೆ ಇನ್ನೂ ಹತ್ತಿರದ ಸಂಗತಿ ಇದೆ. 1871ರಲ್ಲಿ ಬರೆದ ಇನ್ನೊಂದು ಪುಸ್ತಕದಲ್ಲಿ ಮಿಚೆಲ್, ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನ ಹುಡುಗಿಯರ ಮೇಲೆ ಓದಿನ ಹೊರೆ ಹಾಕಿದರೆ ನರಗಳು ಹಾಳಾಗುತ್ತವೆ, ದೇಹಸ್ಥಿತಿಯನ್ನು ನೋಡಿಕೊಂಡು ಕಲಿಸಲಾಗದಿದ್ದರೆ ಆ ವರ್ಷಗಳಲ್ಲಿ ಕಲಿಸದಿರುವುದೇ ಮೇಲು ಎಂದು ವಾದಿಸಿದರು. ಆ ನಾಲ್ಕು ವರ್ಷಗಳಲ್ಲೇ ನಾನು ಪ್ರೌಢಶಾಲೆ, ಪಿಯುಸಿ ಮುಗಿಸಿದವಳು. ಈ ವಾದವನ್ನು ಓದಿದಾಗ ನನಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಟರ್ನರ್ಸ್ ಲೇನ್‌ನಲ್ಲಿ ಒಬ್ಬೊಬ್ಬ ಸೈನಿಕನನ್ನೂ ಕೇಳಿ ಬರೆದುಕೊಂಡವರು ಇಲ್ಲಿ ಹುಡುಗಿಯರನ್ನು ಕೇಳುವ ಬದಲು ಅವರ ಬಗ್ಗೆ ತೀರ್ಮಾನ ಕೊಟ್ಟುಬಿಟ್ಟಿದ್ದರು. ಕೇಳುವ ಶಿಸ್ತು ಇರುವವರಲ್ಲೂ ಅದು ಎಲ್ಲರ ವಿಷಯದಲ್ಲಿ ತಾನಾಗಿ ಬರುವುದಿಲ್ಲ.

ವಿಜ್ಞಾನವೂ ಈ ಚಿಕಿತ್ಸೆಯ ಪರವಾಗಿ ನಿಲ್ಲಲಿಲ್ಲ. ಸಾಮಾನ್ಯ ಸೊಂಟನೋವಿನಲ್ಲಿ ಬಹುದಿನ ಮಲಗಿರುವುದಕ್ಕಿಂತ, ಆದಷ್ಟು ಬೇಗ ಎದ್ದು ಓಡಾಡುವುದೇ ಒಳ್ಳೆಯದೆಂದು ಇಂದು ವೈದ್ಯರು ಹೇಳುತ್ತಾರೆ.

ಕೊನೆಯ ವರ್ಷಗಳು

ಐವತ್ತು ದಾಟಿದ ಮೇಲೆ ಮಿಚೆಲ್ ಕಾದಂಬರಿಗಳನ್ನೂ ಬರೆದು ಜನಪ್ರಿಯರಾದರು. ಅಮೆರಿಕದ ಸ್ವಾತಂತ್ರ್ಯ ಸಮರದ ಹಿನ್ನೆಲೆಯ ಹ್ಯೂ ವಿನ್ ಅವುಗಳಲ್ಲಿ ಪ್ರಸಿದ್ಧ. 1896ರಲ್ಲಿ ಈಥರ್ ಅರಿವಳಿಕೆಯ ಐವತ್ತನೇ ವರ್ಷದ ಸಮಾರಂಭದಲ್ಲಿ, ಅದೇ ಬಾಸ್ಟನ್ ಆಸ್ಪತ್ರೆಯಲ್ಲಿ, ನೋವಿನ ಹುಟ್ಟು ಮತ್ತು ಸಾವು ಎಂಬ ಅರ್ಥದ ತಮ್ಮ ಕವಿತೆಯನ್ನು ಓದಿದರು. ಎರಡನೇ ಮದುವೆಯಿಂದ ಹುಟ್ಟಿದ ಒಬ್ಬಳೇ ಮಗಳು ಮರಿಯಾ 1898ರಲ್ಲಿ ತೀರಿಕೊಂಡಳು. ಮೊದಲ ಪತ್ನಿಯನ್ನು ಒಯ್ದ ಗಂಟಲಮಾರಿಯೇ ಅವಳನ್ನೂ ಒಯ್ದಿತು. 1914ರ ಜನವರಿ 4ರಂದು ಫಿಲಡೆಲ್ಫಿಯಾದಲ್ಲಿಯೇ, 84ನೇ ವಯಸ್ಸಿನಲ್ಲಿ ಮಿಚೆಲ್ ನಿಧನರಾದರು.

ತರಗತಿಯಲ್ಲಿ ಬಳಸಿದ ಬಗೆ

ಈ ಕಥೆಯನ್ನು ನಾನು ಎರಡು ಅವಧಿಗಳಿಗೆ ಹಂಚಿಕೊಂಡೆ. ಮೊದಲ ಅವಧಿಯಲ್ಲಿ ಪರಾವರ್ತಿತ ಚಾಪದ ನಂತರ ಟರ್ನರ್ಸ್ ಲೇನ್‌ನ ಪ್ರಸಂಗವನ್ನು ಹೇಳಿ, ಇಲ್ಲದ ಕೈ ಹೇಗೆ ನೋಯುತ್ತದೆ ಎಂಬ ಪ್ರಶ್ನೆಯನ್ನು ಗುಂಪುಚರ್ಚೆಗೆ ಬಿಟ್ಟೆ. ಎರಡನೇ ಅವಧಿಗೆ ಬೋಧನೋಪಕರಣವಾಗಿ ಒಂದು ಸಮತಲ ದರ್ಪಣವನ್ನು ರಟ್ಟಿನ ಪೆಟ್ಟಿಗೆಗೆ ನಿಲ್ಲಿಸಿ ಅಂಟಿಸಿಕೊಂಡು ಹೋದೆ. ಮಗು ಒಂದು ಕೈಯನ್ನು ಕನ್ನಡಿಯ ಹಿಂದೆ ಮರೆಮಾಡಿ, ಇನ್ನೊಂದು ಕೈಯ ಪ್ರತಿಬಿಂಬವನ್ನು ನೋಡುತ್ತ ಬೆರಳಾಡಿಸಬೇಕು. ಮುಂದಿನ ಕೈಗೆ ಮಾತ್ರ ಗೆಳೆಯ ಪೆನ್ಸಿಲ್ ಸೋಕಿಸಿದಾಗ ಹಿಂದಿನ ಕೈಗೂ ಏನೋ ಸೋಕಿದಂತಾಯಿತೆಂದು ಹಲವರು ಹೇಳಿದರು. ಏನೂ ಆಗಲಿಲ್ಲ ಎಂದವರೂ ಇದ್ದರು. ಎರಡನ್ನೂ ಹಲಗೆಯ ಮೇಲೆ ಲೆಕ್ಕವಾಗಿ ಬರೆಸಿದೆ.

ಆ ಅವಧಿಯ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. ಸಕ್ಕರೆ ಕಾಯಿಲೆಯಿಂದ ಅವನ ತಾತನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರಂತೆ. ರಾತ್ರಿ ಹೆಬ್ಬೆರಳು ಸೆಳೆಯುತ್ತದೆ, ನೀವಿಬಿಡು ಎಂದು ಕರೆಯುತ್ತಾರಂತೆ. ವಯಸ್ಸಾಗಿ ಅರಳುಮರುಳು ಎಂದು ಮನೆಯವರೆಲ್ಲ ಸುಮ್ಮನಾಗಿದ್ದರಂತೆ. ತಾತ ಹೇಳುವುದು ನಿಜವೇ ಮಿಸ್ ಎಂದು ಕೇಳಿದ. ನಿಜ, ಅದಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ, ಡಾಕ್ಟರಿಗೆ ಹೀಗೆಯೇ ಹೇಳಬೇಕು ಎಂದೆ. ಅವನು ಆ ಹೆಸರನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡ. ಆ ಘಟಕದ ಮೌಲ್ಯಮಾಪನದಲ್ಲಿ ಯಾರಿಗೆ ಎಷ್ಟು ಅಂಕ ಬಂತೆಂಬುದಕ್ಕಿಂತ ಈ ಪ್ರಶ್ನೆಯೇ ನನಗೆ ಪಾಠ ತಲುಪಿದ್ದಕ್ಕೆ ಆಧಾರ.

ಕೊನೆಯದಾಗಿ ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಮಾತು. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿತು. ನರದ ಸಂಕೇತವೂ ನೋವೂ ಒಂದೇ ಅಲ್ಲವೆಂದೂ, ತನಗೆ ನೋವಿದೆ ಎಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದೂ, ಮಾತಿನಲ್ಲಿ ಹೇಳಲಾಗದವರಿಗೂ ನೋವಿರಬಹುದೆಂದೂ ಅದರ ಟಿಪ್ಪಣಿಗಳು ತಿಳಿಸುತ್ತವೆ. ಶಾಲೆಯಲ್ಲಿ ಹೊಟ್ಟೆನೋವು ಎಂದು ಬರುವ ಮಕ್ಕಳಲ್ಲಿ ಗಣಿತದ ಕಿರುಪರೀಕ್ಷೆ ತಪ್ಪಿಸಲು ಬಂದವರೂ ಇರುತ್ತಾರೆ, ತಿಂಗಳ ನೋವನ್ನು ಬಾಯಿಬಿಟ್ಟು ಹೇಳಲಾಗದ ಹುಡುಗಿಯರೂ ಇರುತ್ತಾರೆ. ಯಾರು ಯಾವುದೆಂದು ಮುಖ ನೋಡಿ ನಿರ್ಧರಿಸುವುದು ಕಷ್ಟ. ಎಲ್ಲಿ ನೋಯುತ್ತದೆ, ಯಾವಾಗಿನಿಂದ, ಹೇಗೆ, ಹಿಂದೆ ಹೀಗಾಗಿತ್ತೇ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿ ಮಗುವಿಗೂ ಕೇಳಿ, ಉತ್ತರ ಕೇಳಿದ ಮೇಲೆ ತೀರ್ಮಾನಿಸುವುದಕ್ಕೆ ಎರಡು ನಿಮಿಷ ಸಾಕು. ಹುಡುಗಿಯರು ಶಿಕ್ಷಕಿಯೊಬ್ಬರ ಬಳಿ ಹೇಳಿಕೊಳ್ಳಲು ಪ್ರತ್ಯೇಕ ಅವಕಾಶವನ್ನೂ ಮೊದಲೇ ಗೊತ್ತುಮಾಡಿಡಬೇಕು. ಮುಂದಿನ ಹಂತದ ಬೋಧನಾಭ್ಯಾಸಕ್ಕ ಹೊರಡುವವರು ಪಾಠಯೋಜನೆಯ ಜೊತೆಗೆ ಇದನ್ನೂ ಸಿದ್ಧಮಾಡಿಕೊಂಡು ಹೋಗಲಿ ಎಂದು ಕೋರುತ್ತೇನೆ.